ಮಾದರಿಯಲ್ಲಿದ್ದ ಹಾಗೆಯೇ

ನಾನು ಶಾಲೆಗೆ ಹೋದದ್ದು ಎರಡನೇ ತರಗತಿಯ ಅರ್ಧದವರೆಗೆ. ಮಿಕ್ಕ ಓದನ್ನು ಕಲಿಸಿದ್ದು ಸೀಸ. ಮೀಸೆ ಮೂಡುವ ವಯಸ್ಸಿಗೆ ಅಚ್ಚುಕೂಟ ಸೇರಿ ಮೊಳೆ ಜೋಡಿಸಲು ನಿಂತೆ. ಸೀಸದ ಅಚ್ಚಿನ ಮೊಳೆಗಳನ್ನು ಸಾಲಾಗಿ ಕೂರಿಸುವಾಗ ಅಕ್ಷರಗಳು ತಲೆಕೆಳಗಾಗಿರುತ್ತವೆ. ಹಾಗೆಯೇ ಓದಬೇಕು, ಹಾಗೆಯೇ ತಿದ್ದಬೇಕು. ಸೀಸದ ಕಾಲ ಹೋಗಿ ಎಷ್ಟೋ ವರ್ಷವಾದರೂ ಕಣ್ಣಿಗೆ ಅಂಟಿದ್ದು ಹೋಗಲಿಲ್ಲ. ಕಾಗದವನ್ನು ನೆಟ್ಟಗೆ ಹಿಡಿದರೆ ಈಗಲೂ ತುಟಿ ಅಲ್ಲಾಡಿಸಿಕೊಂಡು ಓದುತ್ತೇನೆ. ಉಲ್ಟಾ ಹಿಡಿದರೆ ನೀರು ಕುಡಿದ ಹಾಗೆ. ಬಸ್ಸಿನಲ್ಲಿ ಎದುರಿಗೆ ಕೂತವರು ತೊಡೆಯ ಮೇಲೆ ಪತ್ರಿಕೆ ಹರಡಿಕೊಂಡರೆ, ಅವರು ಪುಟ ತಿರುಗಿಸುವುದನ್ನೇ ಕಾಯುತ್ತಾ ಕೂತಿರುತ್ತೇನೆ.

ನಮ್ಮದು ಕತೆಗಳ ಮಾಸಪತ್ರಿಕೆ. ನಲವತ್ತೆಂಟು ಪುಟ, ಅದರಲ್ಲಿ ಹನ್ನೆರಡು ಜಾಹೀರಾತು. ಹಿರಿಯ ಯಜಮಾನರು ಶುರು ಮಾಡಿದ್ದು, ಈಗ ಅವರ ಮಗ ನಡೆಸುತ್ತಾರೆ. ಮೊದಲು ಕತೆಗೊಂದು ಚಿತ್ರ ಇರುತ್ತಿತ್ತು. ಹೋದ ವರ್ಷ ಖರ್ಚು ಕಡಿಮೆ ಮಾಡಬೇಕೆಂದು ಚಿತ್ರಗಾರರನ್ನು ಮನೆಗೆ ಕಳಿಸಿದರು. ಕತೆ ಓದುವವರು ಕಣ್ಣು ಮುಚ್ಚಿಕೊಂಡರೆ ಚಿತ್ರ ತಾನಾಗಿಯೇ ಕಾಣುತ್ತದೆ ಎಂದು ಯಜಮಾನರು ವಿವರಿಸಿದರು. ಕಣ್ಣು ಮುಚ್ಚಿಕೊಂಡು ಓದುವುದು ಹೇಗೆಂದು ಯಾರೂ ಕೇಳಲಿಲ್ಲ. ಕೇಳುವ ಅಭ್ಯಾಸ ನಮ್ಮ ಆಫೀಸಿನಲ್ಲಿ ಇರಲಿಲ್ಲ.

ಪುಟ ಕಟ್ಟುತ್ತಿದ್ದವಳು ನನ್ನ ಅಣ್ಣನ ಮಗಳು. ಅಣ್ಣ ಬೇಗ ಹೋದ. ಅತ್ತಿಗೆ, ಅವಳು, ನಾನು ಒಂದೇ ಮನೆಯಲ್ಲಿ. ಅವಳನ್ನು ಆಫೀಸಿಗೆ ಕರೆತಂದವನು ನಾನೇ. ಆಗ ಇನ್ನೂ ಕತ್ತರಿ, ಗೋಂದು, ಅಳತೆಪಟ್ಟಿಯ ಕಾಲ. ಆಮೇಲೆ ಕಂಪ್ಯೂಟರ್ ಬಂತು, ಅದನ್ನೂ ಕಲಿತಳು. ಇಪ್ಪತ್ತೆರಡು ವರ್ಷ ಒಂದೇ ಮೇಜು, ಕಿಟಕಿಯ ಪಕ್ಕದ್ದು, ಕೆಳಗೆ ದೀಪವಿಟ್ಟ ಗಾಜಿನ ಹಲಗೆಯದು. ಆಫೀಸಿನವರೆಲ್ಲ ಅವಳನ್ನು ಪುಟದಕ್ಕ ಎನ್ನುತ್ತಿದ್ದರು. ಇವಳ ಮದುವೆ ಆ ಮೇಜಿನ ಜೊತೆಯೇ ಆಗಿಹೋಗಿದೆ ಎಂದು ಅತ್ತಿಗೆ ಗೊಣಗುತ್ತಿದ್ದರು. ಬೇರೆ ಕೆಲಸ ಅವಳು ಕಲಿತವಳಲ್ಲ, ಕಲಿಯಬೇಕೆಂದೂ ಅನ್ನಿಸಿದ್ದಿಲ್ಲ.

ಅವಳಿಗೆ ನಾನು ಕಲಿಸಿದ್ದು ಒಂದೇ ವಿದ್ಯೆ. ಪುಟ ಸಿದ್ಧವಾದ ಮೇಲೆ ಅಚ್ಚು ತೆಗೆದು, ಹಾಳೆಯನ್ನು ಮೇಲು ಕೆಳಗು ಮಾಡಿ ಹಿಡಿದು ನೋಡಬೇಕು. ನೆಟ್ಟಗಿದ್ದರೆ ಮನಸ್ಸು ಓದಲು ಶುರು ಮಾಡುತ್ತದೆ, ಪುಟ ಕಾಣುವುದಿಲ್ಲ. ಉಲ್ಟಾ ಹಿಡಿದರೆ ಕಪ್ಪೆಷ್ಟು ಬಿಳಿಯೆಷ್ಟು, ಯಾವ ಕಡೆ ತೂಕ ಜಾಸ್ತಿ, ಎಲ್ಲಿ ಸಾಲುಗಳ ನಡುವೆ ಬಿಳಿ ಕಾಲುವೆ ಹರಿದಿದೆ, ಎಲ್ಲ ಥಟ್ಟನೆ ಕಾಣುತ್ತದೆ. ಒಪ್ಪಿಗೆಯಾದರೆ ಹಾಳೆಯನ್ನು ತಿರುಗಿಸದೆ, ಹಾಗೆಯೇ ಕೈಗೆ ಸಿಕ್ಕ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ‘ಓಕೆ’ ಎಂದು ಬರೆದು ತಾರೀಖು ಹಾಕಬೇಕು. ಹೀಗಾಗಿ ನಮ್ಮಲ್ಲಿ ಒಪ್ಪಿಗೆಯಾದ ಪುಟಗಳಲ್ಲಿ ಕತೆ ಒಂದು ಕಡೆ ತಲೆಯಿಟ್ಟರೆ, ಓಕೆ ಇನ್ನೊಂದು ಕಡೆ ತಲೆಯಿಡುತ್ತಿತ್ತು. ನಲವತ್ತು ವರ್ಷದಿಂದ ಹೀಗೇ. ಜಾಹೀರಾತಿನ ಪುಟಗಳಿಗೆ ಮಾತ್ರ ಓಕೆ ಇಲ್ಲ. ಅವು ಕಂಪನಿಯವರಿಂದಲೇ ತಯಾರಾಗಿ ಬರುತ್ತಿದ್ದವು.

ಇಷ್ಟರಲ್ಲಿ ಯಜಮಾನರ ಮಗಳಿಗೆ ಮದುವೆಯಾಗಿ ಅಳಿಯಂದಿರು ಬಂದರು. ಅವರಿಗೊಂದು ಕುರ್ಚಿ ಬೇಕಿತ್ತು, ಕುರ್ಚಿಗೆ ತಕ್ಕ ಯೋಜನೆ ಬೇಕಿತ್ತು. ಮೂರನೇ ವಾರಕ್ಕೆ ಎಲ್ಲರನ್ನೂ ಮೇಲಿನ ಕೋಣೆಗೆ ಕರೆದು ಬಿಳಿ ಹಲಗೆಯ ಮೇಲೆ ಎರಡು ವೃತ್ತ ಬರೆದರು. ಒಂದು ನಾವು, ಇನ್ನೊಂದು ಸಮುದ್ರದಾಚೆಯ ಒಂದು ಕಂಪನಿ. ನಡುವೆ ಗೆರೆ. ಪುಟ ಕಟ್ಟುವ ಕೆಲಸವೆಲ್ಲ ಆ ಗೆರೆಯ ಮೇಲೆ ಜಾರಿಕೊಂಡು ಆ ಕಡೆಗೆ ಹೋಗುತ್ತದೆ, ಖರ್ಚು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಜಗತ್ತೆಲ್ಲ ಈಗ ಹೀಗೇ ಮಾಡುತ್ತಿದೆ, ಇದು ಅವರ ಮಾತಿನ ಸಾರ. ಸಂಪಾದಕರು ತಲೆಯಾಡಿಸಿದರು. ಕತೆ ಆರಿಸಿ ಕೊಟ್ಟ ಮೇಲೆ ಪುಟದ ಕಡೆ ಅವರು ಹೇಗೂ ತಿರುಗಿ ನೋಡುತ್ತಿರಲಿಲ್ಲ.

ಪುಟದಕ್ಕ ಒಂದೇ ಪ್ರಶ್ನೆ ಕೇಳಿದಳು. “ಅವರಿಗೆ ನಮ್ಮ ಅಕ್ಷರ ಓದೋಕೆ ಬರುತ್ತಾ ಸರ್?”

“ಓದೋಕೆ ಯಾಕಮ್ಮ ಬರಬೇಕು? ಪುಟ ಮಾಡೋದು ತಾನೇ,” ಎಂದರು ಅಳಿಯಂದಿರು. “ಓದೋಕೆ ಓದುಗರು ಇದ್ದಾರೆ.”

ಆಮೇಲೆ ಅವಳು ಯಜಮಾನರ ಕೋಣೆಗೆ ಹೋದಳು. ನಾನು ಬಾಗಿಲ ಹತ್ತಿರ ಬೀಗದ ಕೈ ಹಿಡಿದು ನಿಂತಿದ್ದೆ. ಯಜಮಾನರಿಗೆ ಯಾರ ಮನಸ್ಸನ್ನೂ ನೋಯಿಸಲು ಇಷ್ಟವಿಲ್ಲ, ಅದಕ್ಕಾಗಿಯೇ ಅಳಿಯಂದಿರನ್ನು ಇಟ್ಟುಕೊಂಡಿದ್ದರು. ಅವರು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ.

“ಮೊದಲನೇ ಸಂಚಿಕೆ ನೋಡೋಣ ಕಣಮ್ಮ. ಅವರ ಕೈಲಿ ಆಗಲಿಲ್ಲ ಅಂದ್ರೆ ನಿನ್ನ ಮೇಜು ಎಲ್ಲೂ ಓಡಿಹೋಗಲ್ಲ.”

ಆ ಒಂದು ಮಾತನ್ನು ಹಿಡಿದುಕೊಂಡು ಅವಳು ಮನೆಗೆ ಬಂದಳು. ಮೇಜಿನ ಮೇಲೆ ಹಳೆಯ ಚಾದರ ಹೊದಿಸಿಯೇ ಬಂದಿದ್ದಳು, ಧೂಳು ಕೂರಬಾರದೆಂದು. ಮನೆಯಲ್ಲಿ ಅವಳಿಗೆ ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಆಗಲಿಲ್ಲ. ಅಡಿಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದಳು, ಮಾರನೇ ದಿನ ಅಗಲದ ಪ್ರಕಾರ ಜೋಡಿಸಿದಳು. ಅತ್ತಿಗೆಗೆ ಬೇಳೆ ಎಲ್ಲಿ, ಉಪ್ಪು ಎಲ್ಲಿ ಎಂದು ತಿಳಿಯದಾಯಿತು. ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ, ಪುಟಗಳು ಬಂದವಾ ಚಿಕ್ಕಪ್ಪ ಎಂದು ಕೇಳುತ್ತಿದ್ದಳು.

ನನ್ನನ್ನು ಮಾತ್ರ ಉಳಿಸಿಕೊಂಡಿದ್ದರು. ಹಿರಿಯ ಯಜಮಾನರ ಕಾಲದ ಆಳು, ಕಳಿಸಿದರೆ ಜನ ಏನಂದಾರು ಎಂಬುದೊಂದು. ಬಾಗಿಲು ತೆಗೆಯಲು ಮುಚ್ಚಲು ಒಬ್ಬ ಬೇಕು ಎಂಬುದೊಂದು. ಸಮುದ್ರದಾಚೆಯಿಂದ ಪುಟ ಬಂದಾಗ ಗುಂಡಿ ಒತ್ತಿ ಅಚ್ಚು ತೆಗೆದು, ಒಮ್ಮೆ ನೋಡಿ, ಪಕ್ಕದ ಬೀದಿಯ ಅಚ್ಚುಕೂಟಕ್ಕೆ ಮುಟ್ಟಿಸುವುದು ನನ್ನ ಹೊಸ ಕೆಲಸ.

ಸಮುದ್ರದಾಚೆಯವರಿಗೆ ಮಾದರಿ ಬೇಕಿತ್ತು. ಅಳಿಯಂದಿರು ಕಪಾಟಿನಲ್ಲಿದ್ದ ಹಿಂದಿನ ಸಂಚಿಕೆಯ ಒಪ್ಪಿಗೆಯಾದ ಪುಟಗಳ ಕಟ್ಟನ್ನೇ ತೆಗೆಸಿ, ಒಂದೊಂದನ್ನೂ ಯಂತ್ರದ ಮೇಲಿಟ್ಟು ನಕಲು ತೆಗೆದು ಕಳಿಸಿದರು. ಮಾದರಿಯಿಂದ ಕೂದಲೆಳೆಯಷ್ಟೂ ಆಚೀಚೆ ಆಗಕೂಡದು ಎಂದು ಕರಾರಿನಲ್ಲಿ ದಪ್ಪಕ್ಷರದಲ್ಲಿ ಬರೆಸಿದರಂತೆ.

ಆ ಕಡೆಯವರ ಪಾಡನ್ನು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಕೈಗೆ ಬಂದ ಪುಟದ ತುಂಬ ಗುಂಡಗುಂಡಗಿನ ಅಕ್ಷರ. ಅದರ ತಲೆ ಯಾವುದು ಕಾಲು ಯಾವುದು ಅವರಪ್ಪನಿಗೂ ಗೊತ್ತಿಲ್ಲ. ಒಂದು ಚಿತ್ರವಾದರೂ ಇದ್ದಿದ್ದರೆ ಮನುಷ್ಯನ ಮೂಗು ನೋಡಿ ತಿಳಿದುಕೊಳ್ಳುತ್ತಿದ್ದರು, ಚಿತ್ರಗಾರರನ್ನು ನಾವು ಮನೆಗೆ ಕಳಿಸಿಯಾಗಿತ್ತು. ಆ ಪುಟದಲ್ಲಿ ಅವರಿಗೆ ಓದಲು ಬರುತ್ತಿದ್ದುದು ಮೂಲೆಯ ಓಕೆ ಮತ್ತು ತಾರೀಖು, ಎರಡೇ. ಅದನ್ನು ನೆಟ್ಟಗೆ ಇಟ್ಟುಕೊಂಡರು. ಕಂಪ್ಯೂಟರಿನಲ್ಲಿ ಕತೆ ಸುರಿದಾಗ ಅಕ್ಷರ ಮಾದರಿಗಿಂತ ಬೇರೆ ಕಡೆ ಮುಖ ಮಾಡಿ ನಿಂತಿತು. ಕೂದಲೆಳೆಯ ಮಾತು ನೆನಪಾಗಿ ಅದನ್ನೂ ತಿರುಗಿಸಿದರು. ಅವರು ದಡ್ಡರಲ್ಲ. ನೀವು ಹೇಳುವುದು ನಿಜವಾಗಿ ಹೀಗೆಯೋ ಎಂದು ಮೂರು ಸಲ ಪತ್ರ ಬರೆದು ಕೇಳಿದರಂತೆ. ಮೂರು ಸಲವೂ ಅಳಿಯಂದಿರು ಪತ್ರ ಓದದೆ ಒಂದೇ ಉತ್ತರ ಕಳಿಸಿದರು: ಮಾದರಿಯಲ್ಲಿದ್ದ ಹಾಗೆಯೇ.

ಪುಟಗಳು ಒಂದು ಬೆಳಗ್ಗೆ ಬಂದವು. ಗುಂಡಿ ಒತ್ತಿದೆ. ಬಿಸಿ ಬಿಸಿ ಹಾಳೆಗಳು ಒಂದರ ಮೇಲೊಂದು ಬಿದ್ದವು. ಕಟ್ಟನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತು ಮೊದಲ ಕತೆ ಓದಿದೆ. ಸರಾಗವಾಗಿ ಓದಿಸಿಕೊಂಡು ಹೋಯಿತು. ಎರಡನೇ ಪುಟದ ಕೊನೆಗೆ ಬಂದಾಗ ಅನುಮಾನ ಬಂತು, ನನಗೆ ಇಷ್ಟು ಸಲೀಸಾಗಿ ಓದಲು ಯಾವಾಗ ಬಂತು? ಮುಂದಿನ ಹಾಳೆ ಸಾಬೂನಿನ ಜಾಹೀರಾತು. ಅದರಲ್ಲಿ ಹೆಂಗಸು ನೆಟ್ಟಗೆ ನಿಂತು ನಗುತ್ತಿದ್ದಳು. ಕಟ್ಟನ್ನು ತಿರುಗಿಸಿದೆ. ಕತೆಗಳು ನೆಟ್ಟಗಾದವು, ಹೆಂಗಸು ತಲೆಕೆಳಗಾಗಿ ನೇತಾಡಿದಳು. ಕತೆಯ ಮೂವತ್ತಾರೂ ಪುಟ ಉಲ್ಟಾ, ಒಂದೂ ತಪ್ಪದೆ.

ಓಡಿಹೋಗಿ ಹೇಳಬೇಕಿತ್ತು. ಕಾಲು ಎರಡು ಹೆಜ್ಜೆ ಹೋಯಿತು ಕೂಡ. ಅಷ್ಟರಲ್ಲಿ ಚಾದರ ಹೊದ್ದ ಮೇಜು ಕಣ್ಣಿಗೆ ಬಿತ್ತು. ಮೊದಲನೇ ಸಂಚಿಕೆ ನೋಡೋಣ ಎಂದಿದ್ದರಲ್ಲ, ನೋಡಲಿ ಎಂದುಕೊಂಡೆ. ಕಣ್ತುಂಬ ನೋಡಲಿ.

ಅಳಿಯಂದಿರು ಅದೇ ಪುಟಗಳನ್ನು ತಮ್ಮ ಕೋಣೆಯಲ್ಲಿ ಫೋನಿನಲ್ಲಿ ನೋಡುತ್ತಿದ್ದರು. ಜಾಹೀರಾತುಗಳನ್ನು ಎಣಿಸಿದರು, ಹನ್ನೆರಡೂ ಇದ್ದವು. ಕತೆಯ ಪುಟ ಏನೋ ಒಂಥರಾ ಕಂಡಿರಬೇಕು, ಫೋನನ್ನು ತಿರುಗಿಸಿದರು. ಪುಟವೂ ಜೊತೆಗೇ ತಿರುಗಿತು. ಮತ್ತೆ ತಿರುಗಿಸಿದರು, ಅದೂ ಮತ್ತೆ ತಿರುಗಿತು. ಈ ಫೋನ್ ಕೆಟ್ಟಿದೆ, ಹೊಸದು ತಗೋಬೇಕು ಎಂದು ಗೊಣಗಿ, ಕಟ್ಟು ಹಿಡಿದು ಬಾಗಿಲಿಗೆ ಬಂದ ನನ್ನ ಕಡೆ ನೋಡಿದರು.

“ಅಜ್ಜಾ, ನೀವು ನೋಡಿದ್ರಲ್ಲ? ಎಲ್ಲಾ ಸರಿ ಇದೆಯಾ?”

“ನನಗೆ ಓದೋಕೆ ಏನೂ ತೊಂದರೆ ಆಗಲಿಲ್ಲ,” ಎಂದೆ.

ಅಚ್ಚುಕೂಟದಲ್ಲಿ ಹಿಡಿಯುತ್ತಾರೆ ಎಂಬ ಹೆದರಿಕೆ ಒಂದಿತ್ತು. ಆದರೆ ಅಲ್ಲಿಯ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ದೊಡ್ಡ ಹಾಳೆಯ ಒಂದು ಮಗ್ಗುಲಿಗೆ ಎಂಟು ಪುಟ, ನಾಲ್ಕರ ತಲೆ ಈ ಕಡೆ, ನಾಲ್ಕರ ತಲೆ ಆ ಕಡೆ; ಮಡಿಚಿದ ಮೇಲೇ ಎಲ್ಲ ಒಂದು ದಾರಿಗೆ ಬರುವುದು. ಜೀವಮಾನವಿಡೀ ಅರ್ಧ ಪುಟಗಳನ್ನು ತಲೆಕೆಳಗಾಗಿಯೇ ನೋಡಿದ ಮಷೀನಿನಣ್ಣನಿಗೆ ಇದೊಂದು ವಿಶೇಷವೆನ್ನಿಸಲಿಲ್ಲ. ಶಾಯಿ ಹದವಾಗಿದೆಯಾ ನೋಡಿದ, ಬಿಟ್ಟ. ಪಿನ್ನು ಹೊಡೆಯುವ ಹೆಂಗಸರು ಅಂಚು ನೋಡುತ್ತಾರೆ, ಅಕ್ಷರ ನೋಡುವುದಿಲ್ಲ. ರಟ್ಟು ನೆಟ್ಟಗಿತ್ತು, ಜಾಹೀರಾತು ನೆಟ್ಟಗಿತ್ತು. ಸಂಚಿಕೆ ಕಟ್ಟುಕಟ್ಟಾಗಿ ಗಾಡಿ ಹತ್ತಿತು.

ಅವತ್ತು ಸಂಜೆ ಅವಳು ಎಂದಿನಂತೆ ಕೇಳಿದಳು. ಬಂತು, ಅಚ್ಚಿಗೂ ಹೋಯಿತು ಎಂದೆ. ಹೇಗಿತ್ತು ಎಂದಳು. ಸಂಚಿಕೆ ಬರಲಿ, ನೀನೇ ನೋಡುವೆಯಂತೆ ಎಂದು ತಟ್ಟೆಗೆ ಕೈ ಹಾಕಿದೆ.

ಮೊದಲ ಫೋನು ಬಂದದ್ದು ಒಬ್ಬ ನಿವೃತ್ತ ಮೇಷ್ಟರಿಂದ. ಆಮೇಲೆ ಗಂಟೆ ನಿಲ್ಲಲಿಲ್ಲ. ಯಜಮಾನರು ಸಂಚಿಕೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ ಬೆವತುಹೋದರು. ಅವರ ಬಾಯಿಂದ ಪುಟದಕ್ಕನನ್ನು ಕರೆಸಿ ಎಂಬ ಮಾತು ಈಗ ಬರುತ್ತದೆ, ಇನ್ನೇನು ಬಂತು ಎಂದು ನಾನು ಬಾಗಿಲಲ್ಲೇ ನಿಂತಿದ್ದೆ. ಬಂದದ್ದು ಅಳಿಯಂದಿರು. ಅವರ ಬಗ್ಗೆ ಏನೇ ಹೇಳಲಿ, ಬಿದ್ದಾಗ ನೆಲವನ್ನೇ ಹಾಸಿಗೆ ಎಂದು ನಂಬಿಸುವ ಜಾಣತನ ಅವರಿಗಿದೆ. ಮಧ್ಯಾಹ್ನದೊಳಗೆ ಅಂಗಡಿ ಅಂಗಡಿಗೆ ಪ್ರಕಟಣೆ ಹೋಯಿತು: ಬದುಕನ್ನು ಬೇರೆ ಕಡೆಯಿಂದ ನೋಡಲು ಕಲಿಸುವ ವಿಶೇಷಾಂಕ, ಪ್ರತಿಗಳು ಕೆಲವೇ ಉಳಿದಿವೆ.

ಜನ ಮುಗಿಬಿದ್ದರು. ಒಬ್ಬರು ಇದು ಕುತ್ತಿಗೆಗೆ ಒಳ್ಳೆಯ ವ್ಯಾಯಾಮ ಎಂದು ಬರೆದರು. ಇನ್ನೊಬ್ಬರು, ಗಂಡ ಹೆಂಡತಿ ಎದುರುಬದುರು ಕೂತು ಒಬ್ಬರು ಕತೆ, ಇನ್ನೊಬ್ಬರು ಜಾಹೀರಾತು ಓದಬಹುದಾದ ಮೊದಲ ಪತ್ರಿಕೆ ಎಂದು ಹೊಗಳಿದರು. ಒಬ್ಬ ವಿಮರ್ಶಕರು ಎರಡು ಅಂಕಣ ಬರೆದರು. ಅವರು ಅದನ್ನು ನೆಟ್ಟಗೆ ನಿಂತು ಬರೆದರೋ ಹೇಗೋ, ನನಗೆ ಅರ್ಥವಾಗಲಿಲ್ಲ. ಸಾಬೂನಿನ ಕಂಪನಿಯವರು ನಮ್ಮ ಜಾಹೀರಾತೊಂದೇ ಸರಿಯಾಗಿ ಕಾಣುತ್ತದೆ ಎಂದು ಖುಷಿಯಾಗಿ ವರ್ಷಕ್ಕಾಗುವಷ್ಟು ಮುಂಗಡ ಕೊಟ್ಟರು. ಎರಡನೇ ಸಲ ಅಚ್ಚು ಹಾಕಬೇಕಾಯಿತು. ಸಮುದ್ರದಾಚೆಯ ಕಂಪನಿಗೆ ಫಲಕ ಕಳಿಸಿದರು. ಅದರ ಮೇಲೆ ಏನು ಬರೆದಿದೆ ಎಂದು ಅವರಿಗೆ ಓದಲು ಬರುವುದಿಲ್ಲ, ಬಿಡಿ.

ನಲವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಒಂದೇ ಒಂದು ಸಲ ಲೆಕ್ಕ ಹಾಕಿ ಬಾಯಿ ಮುಚ್ಚಿಕೊಂಡೆ, ಅದರ ಫಲ ಇದು.

ತೊಂದರೆ ಬಂದದ್ದು ಮುಂದಿನ ತಿಂಗಳಿಗೆ. ಈ ಸಲ ಹೇಗೆ, ಮಾದರಿಯಲ್ಲಿದ್ದ ಹಾಗೆಯೋ ಅಲ್ಲವೋ ಎಂದು ಸಮುದ್ರದಾಚೆಯವರು ಕೇಳಿದರು. ಪ್ರತಿ ತಿಂಗಳೂ ಬೇರೆ ಕಡೆಯಿಂದ ನೋಡಲು ಓದುಗರ ಕುತ್ತಿಗೆಗೆ ಆಗದು ಎಂಬುದು ಯಜಮಾನರಿಗೂ ಹೊಳೆದಿತ್ತು. ಆದರೆ ಯಾವುದು ಮೇಲು ಯಾವುದು ಕೆಳಗು ಎಂದು ಬರವಣಿಗೆಯಲ್ಲಿ ವಿವರಿಸಲು ಹೋಗಿ ಅಳಿಯಂದಿರು ಎರಡು ದಿನ ಒದ್ದಾಡಿದರು. ಕೊನೆಗೆ ಪುಟದಕ್ಕನಿಗೆ ಹೇಳಿಕಳಿಸಿದರು. ನಾನೇ ಹೋಗಿ ಹೇಳಿದೆ. ಅವಳು ಇಸ್ತ್ರಿ ಸೀರೆ ಉಟ್ಟು, ಅಳತೆಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಬಂದಳು. ಮೇಜಿನ ಮೇಲಿನ ಚಾದರ ತೆಗೆದು ಮಡಿಚಿಟ್ಟೇ ಯಜಮಾನರ ಕೋಣೆಗೆ ಬಂದಳು.

ಅಳಿಯಂದಿರು ಕೆಲಸ ವಿವರಿಸಿದರು. ಸಮುದ್ರದಾಚೆಯಿಂದ ಪುಟ ಬರುತ್ತದೆ, ಅಚ್ಚು ತೆಗೆದು ಪ್ರತಿ ಪುಟದಲ್ಲೂ ತಲೆಯ ಕಡೆಗೊಂದು ಬಾಣ ಹಾಕುವುದು, ನಕಲು ತೆಗೆದು ವಾಪಸು ಕಳಿಸುವುದು. ಅವರು ಬಾಣ ನೋಡಿಕೊಂಡು ಸರಿ ಮಾಡಿ ನೇರವಾಗಿ ಅಚ್ಚುಕೂಟಕ್ಕೆ ಕಳಿಸುತ್ತಾರೆ. ತಿಂಗಳಿಗೆ ಒಂದು ದಿನದ ಕೆಲಸ.

“ಮೂವತ್ತಾರು ಬಾಣ,” ಎಂದಳು ಅವಳು.

“ನಿನ್ನ ಮೇಜಲ್ಲೇ ಕೂತ್ಕೊಂಡು ಹಾಕಬಹುದು ಕಣಮ್ಮ,” ಎಂದರು ಯಜಮಾನರು. ಅವರಿಗೆ ಯಾರ ಮನಸ್ಸನ್ನೂ ನೋಯಿಸಲು ಇಷ್ಟವಿಲ್ಲ.

ಅವಳು ಚೀಲವನ್ನು ಹೆಗಲಿಗೇರಿಸಿಕೊಂಡಳು. “ಹೋದ ಸಂಚಿಕೆ ಅಚ್ಚಿಗೆ ಹೋಗೋ ಮುಂಚೆ ಯಾರೂ ನೋಡಲಿಲ್ವಾ ಸರ್?”

“ನೋಡದೆ ಏನು? ಅಜ್ಜ ಒಂದೊಂದು ಪುಟಾನೂ ಓದಿದ್ರು. ಏನೂ ತೊಂದರೆ ಇಲ್ಲ ಅಂದ್ರು. ಕೇಳಿ ಬೇಕಾದ್ರೆ.”

ಅವಳು ಕೇಳಲಿಲ್ಲ. ತಿರುಗಿ ನನ್ನನ್ನು ನೋಡಿದಳು. ನಾನು ಯಾವ ಕಡೆಯಿಂದ ಚೆನ್ನಾಗಿ ಓದುತ್ತೇನೆ ಎಂಬುದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಯಜಮಾನರಿಗೆ ನಮಸ್ಕಾರ ಹೇಳಿದಳು. ಪುಟ ಕಟ್ಟುವುದಿದ್ದರೆ ಬರುತ್ತೇನೆ, ಬಾಣಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೊರಟಳು. ನಾನು ಹಿಂದೆಯೇ ಹೋದೆ. ಮೆಟ್ಟಿಲ ತಿರುವಿನಲ್ಲಿ ನಿಂತಳು.

“ಕೊನೇ ಕತೆ ಆ ಅಂಚೆಯವರ ಹೆಂಡತಿ ಬರೆದಿದ್ದು. ಆರು ವರ್ಷದಿಂದ ಕಳಿಸ್ತಾ ಇದ್ರು, ಮೊದಲನೇ ಸಲ ಹೆಸರು ಅಚ್ಚಾಗಿದ್ದು. ಅದೂ ತಲೆಕೆಳಗೆ. ನೋಡಿದ್ರಾ ಚಿಕ್ಕಪ್ಪ?”

“ನೋಡಿದೆ.”

“ಆಚೆಯವರಿಗೆ ಓದೋಕೆ ಬರಲ್ಲ. ಇವರು ಓದೋದೇ ಇಲ್ಲ. ಓದಿ ಸುಮ್ಮನಾದವರು ನೀವೊಬ್ಬರೇ.”

“ನಿನ್ನ ಮೇಜು ಉಳೀಲಿ ಅಂತ…”

“ನನ್ನ ಮೇಜು ಉಳಿಸೋಕೆ ನನ್ನ ಕೆಲಸಾನೇ ಕೆಡಿಸೋದಾ?”

ಇಳಿದು ಹೋದಳು. ಹಳೆಯ ಕಟ್ಟಡ, ಮೆಟ್ಟಿಲು ಅವಳು ಬೀದಿ ಸೇರುವ ತನಕ ಸದ್ದು ಮಾಡಿತು.

ಬಾಣ ಹಾಕುವ ಕೆಲಸ ನನಗೇ ಬಂತು. ‘ದಿಕ್ಕು ಮೇಲ್ವಿಚಾರಕ’ ಎಂದು ಅಳಿಯಂದಿರು ಕುತ್ತಿಗೆಗೆ ಹಾಕಿಕೊಳ್ಳುವ ಬಿಲ್ಲೆ ಮಾಡಿಸಿಕೊಟ್ಟರು. ಎರಡನೇ ತರಗತಿಯನ್ನೂ ಮುಗಿಸದವನಿಗೆ ಇಷ್ಟು ದೊಡ್ಡ ಹುದ್ದೆ ಎಂದು ಮಷೀನಿನಣ್ಣ ಎದ್ದು ನಿಂತು ಸಲಾಮು ಹೊಡೆದ. ಚಿಕ್ಕ ಸ್ಟೂಲಿನ ಮೇಲೆ ಕೂತು ಬಾಣ ಹಾಕುತ್ತೇನೆ. ಕಿಟಕಿಯ ಮೇಜಿನ ಮೇಲೆ ಈಗ ನೀರು ಕಾಯಿಸುವ ಯಂತ್ರ, ಅಳಿಯಂದಿರ ಕಾಫಿ ಲೋಟ ಇವೆ.

ಅವಳಿಗೆ ಔಷಧದ ಡಬ್ಬಿಯೊಳಗೆ ಮಡಿಚಿಡುವ ಕಾಗದ ತಯಾರಿಸುವ ಕಡೆ ಕೆಲಸ ಸಿಕ್ಕಿತು. ಸಾಸಿವೆಯಷ್ಟು ಸಣ್ಣ ಅಕ್ಷರ, ಯಾರೂ ಓದದ ಬರಹ. ಅದನ್ನೂ ಅವಳು ಅಚ್ಚುಕಟ್ಟಾಗಿಯೇ ಮಾಡುತ್ತಿರಬೇಕು. ನನಗೆ ತೋರಿಸಲಿಲ್ಲ. ಮನೆಯಲ್ಲಿ ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನು ಮಾರು ದೂರದಲ್ಲಿ ಕೂತಿದ್ದರೂ, ಅಮ್ಮಾ, ಚಿಕ್ಕಪ್ಪನಿಗೆ ಊಟಕ್ಕೆ ಬರೋಕೆ ಹೇಳು ಎನ್ನುತ್ತಿದ್ದಳು. ಅತ್ತಿಗೆ ಅವಳ ಮುಖ, ನನ್ನ ಮುಖ ನೋಡಿ, ಇದೇನು ಈ ಮನೆಯಲ್ಲೂ ಕೆಲಸವನ್ನು ಬೇರೆಯವರ ಕೈಲಿ ಮಾಡಿಸೋದು ಶುರುವಾಯಿತಾ ಎನ್ನುತ್ತಿದ್ದರು.

ಎರಡು ಸಂಚಿಕೆ ನೆಟ್ಟಗೆ ಬಂದವು. ಮೂರನೆಯದನ್ನು ಬಿಡಿಸಿ ನೋಡಿದರೆ ಪುಟಪುಟದ ತಲೆಯ ಮೇಲೂ ನನ್ನ ಬಾಣ ಅಚ್ಚಾಗಿದೆ. ಕೈ ನಡುಗಿದಲ್ಲಿ ನಡುಗಿದ ಹಾಗೆ, ಪೆನ್ನು ಕಕ್ಕಿದಲ್ಲಿ ಕಕ್ಕಿದ ಹಾಗೆ. ಅವರ ತಪ್ಪೇನು, ಪುಟದ ಮೇಲಿದ್ದದ್ದೆಲ್ಲ ಪುಟದ್ದೇ ಎಂದುಕೊಂಡಿದ್ದಾರೆ. ಈ ಸಲ ನಾನು ಬಾಯಿ ಬಿಟ್ಟು ಹೇಳಲು ಓಡಿದೆ. ಅಳಿಯಂದಿರು ಆಗಲೇ ಅದನ್ನು ಗೋಡೆಗೆ ಅಂಟಿಸಿ, ದೂರ ನಿಂತು ನೋಡುತ್ತಿದ್ದರು. ಪತ್ರಿಕೆಗೆ ಇಷ್ಟು ವರ್ಷ ಒಂದು ಗುರುತೇ ಇರಲಿಲ್ಲ ಅಜ್ಜಾ, ಈಗ ಸಿಕ್ಕಿತು ಎಂದರು. ಇನ್ನು ಮೇಲೆ ಬಾಣವಿಲ್ಲದೆ ಪುಟ ಹೊರಡಬಾರದೆಂದು ಆಜ್ಞೆಯಾಯಿತು.

ಆ ಸಂಚಿಕೆಯನ್ನು ಮನೆಗೆ ತಂದು ಅತ್ತಿಗೆಯ ಕೈಗೆ ಕೊಟ್ಟೆ. ಅವರು ಧಾರಾವಾಹಿಯ ಕಂತು ಓದಿ, ಕಿಟಕಿಯ ದಂಡೆಯ ಮೇಲಿಟ್ಟು ಒಳಗೆ ಹೋದರು. ಅವಳು ಕೆಲಸದಿಂದ ಬಂದು, ಕೈಕಾಲು ತೊಳೆದು, ಅಲ್ಲೇ ನಿಂತು ಅದನ್ನು ಕೈಗೆತ್ತಿಕೊಂಡಳು. ಮೂರು ತಿಂಗಳಲ್ಲಿ ಮೊದಲ ಸಲ. ನಾನು ಗೋಡೆ ನೋಡುವವನ ಹಾಗೆ ಓರೆಗಣ್ಣಿಟ್ಟು ಕೂತೆ. ಪುಟ ತಿರುಗಿಸುವ ಸದ್ದು ಕೇಳುತ್ತಿತ್ತು. ಕೊನೆಯ ಪುಟದವರೆಗೂ ಹೋಗಿ, ಮತ್ತೆ ಮೊದಲಿಗೆ ಬಂದಳು. ಚೀಲದಿಂದ ಅಳತೆಪಟ್ಟಿ ತೆಗೆದು ಒಂದು ಪುಟದ ಮೇಲಿಟ್ಟು ನೋಡಿದಳು.

“ಬಾಣ ಎಲ್ಲಾ ಪುಟದಲ್ಲೂ ಎಡಕ್ಕೆ ವಾಲಿದೆ ಚಿಕ್ಕಪ್ಪ,” ಎಂದಳು. “ಬರೀ ಕೈಯಲ್ಲಿ ಹಾಕಬೇಡಿ. ಇದನ್ನ ತಗೊಂಡು ಹೋಗಿ.”

ಅಳತೆಪಟ್ಟಿಯನ್ನು ನನ್ನ ಪಕ್ಕದಲ್ಲಿಟ್ಟು ಒಳಗೆ ಹೋದಳು.